ನೂರಾ ಹದಿನೇಳು ಸೀನು, ಒಂದು ಬೂದು ಶಾಲು

ಮೊದಲ ಸೀನು ನೇರವಾಗಿ ಅವನ ಕಿವಿಯೊಳಗೇ ಸಿಡಿಯಿತು.

ಗಾಜಿನ ಆಚೆ ಕುಳಿತಿದ್ದವನು ಕಾದ ಬಾಣಲೆ ಮುಟ್ಟಿದವನ ಹಾಗೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದ. ಎರಡೂ ಕಿವಿಗೆ ಅಂಗೈ ಒತ್ತಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಉಳಿದ.

ಗಾಜಿನ ಈಚೆ, ಮೈಕಿನ ಮುಂದೆ, ಅವಳು ಕರವಸ್ತ್ರದಲ್ಲಿ ಮೂಗು ಹುದುಗಿಸಿ ಕುಳಿತಿದ್ದಳು. ಆರುನೂರು ಪುಟದ ಕಾದಂಬರಿಯ ಮೊದಲ ಸಾಲಿನ ಮೂರನೇ ಪದಕ್ಕೆ ಬಂದಿದ್ದಳು, ಅಷ್ಟೇ.

ಅವನು ಗುಂಡಿ ಒತ್ತಿದ. ಅವನ ದನಿ ಅವಳ ಹೆಡ್‌ಫೋನಿನಲ್ಲಿ ಕೇಳಿಸಿತು.

"ಇನ್ನೊಂದು ಸಲ ಬರೋ ಹಾಗಿದ್ರೆ ಕೈ ಎತ್ತಿ ಹೇಳ್ತೀರಾ? ನನಗಿರೋದು ಎರಡೇ ಕಿವಿ."

"ಸೀನು ಮೊದಲೇ ಫೋನ್ ಮಾಡಿ ಬರಲ್ಲ," ಎಂದಳು ಅವಳು. "ಅದಿರ್ಲಿ, ಈ ರೂಮನ್ನ ಯಾವಾಗ ಗುಡಿಸಿದ್ದು?"

ಅವನ ಮುಖ ಸಣ್ಣಗಾಯಿತು. "ಇವತ್ತು ಬೆಳಿಗ್ಗೆ. ನಾನೇ."

"ಹಾಗಾದ್ರೆ ಇನ್ನೂ ಧೂಳಿದೆ. ನನ್ನ ಮೂಗು ಸುಳ್ಳು ಹೇಳಲ್ಲ."

ಇದು ಅವರಿಬ್ಬರ ಮೊದಲ ಮಾತುಕತೆ. ಕೇಳುವುದಕ್ಕೆ ಜಗಳದ ಹಾಗೇ ಇದೆ... ಆದರೆ ಮುಂದೆ ಆದದ್ದೆಲ್ಲ ಆದದ್ದು ಈ ಧೂಳಿನ ಮಾತಿನಿಂದಲೇ.

ಅದು ಪುಸ್ತಕಗಳಿಗೆ ದನಿ ಕೊಡುವ ಒಂದು ಪುಟ್ಟ ಸ್ಟುಡಿಯೊ. ಹಳೆಯ ಕಟ್ಟಡದ ಕೊನೆಯ ಮಹಡಿ. ತಲೆಯ ಮೇಲೆ ಟೆರೇಸು, ಅದಕ್ಕೆ ಆತುಕೊಂಡ ಮೂರು ಎತ್ತರದ ಮರ. ಗೋಡೆಗೆಲ್ಲ ಮೊಟ್ಟೆಯ ಟ್ರೇಯಂಥ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಓದುವವರು, ಗಾಜಿನಾಚೆ ರೆಕಾರ್ಡಿಂಗ್ ಮಾಡುವವನು. ಒಡತಿಯನ್ನು ಎಲ್ಲರೂ 'ದೊಡ್ಡಕ್ಕ' ಎನ್ನುತ್ತಿದ್ದರು. ರೆಕಾರ್ಡಿಂಗ್ ಮಾಡುವವನಿಗೆ 'ಕಿವಿರಾಯ' ಎಂದು ಹೆಸರಿಟ್ಟದ್ದು ಆಕೆಯೇ. ಕೆಳಗಿನ ಮನೆಯ ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳಿಸಿತೆಂದು ಒಮ್ಮೆ ಮೆಟ್ಟಿಲಿಳಿದು ಹೋಗಿ, "ಒಂದು ಗಂಟೆ ಆರಿಸಿ, ದಯವಿಟ್ಟು," ಎಂದು ಬಾಗಿಲು ತಟ್ಟಿದ್ದ ಪುಣ್ಯಾತ್ಮ ಅವನು.

ಅವಳಿಗೆ ಇದು ಮೊದಲ ಪುಸ್ತಕ. ಅಲ್ಲಿಯವರೆಗೆ ಅವಳ ದನಿ ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುತ್ತಿತ್ತು. ಫೋನುಗಳಲ್ಲಿ "ದಯವಿಟ್ಟು ಕಾಯಿರಿ" ಎನ್ನುತ್ತಿತ್ತು. ಜನ ಕಾಯುತ್ತಿದ್ದರು, ಬಯ್ಯುತ್ತಿದ್ದರು. ಈಗ ಒಂದು ಇಡೀ ಕಾದಂಬರಿ ಅವಳ ಕೈಗೆ ಬಂದಿತ್ತು, ಇಪ್ಪತ್ತು ದಿನದ ಗಡುವಿನೊಂದಿಗೆ.

"ಒಂದು ಪುಸ್ತಕಕ್ಕೆ ಒಂದೇ ದನಿ," ಎಂದು ದೊಡ್ಡಕ್ಕ ಮೊದಲೇ ಹೇಳಿದ್ದರು. "ಅರ್ಧಕ್ಕೆ ನಿಂತರೆ ಇನ್ನೊಬ್ಬರು ಮೊದಲ ಪುಟದಿಂದ ಓದ್ತಾರೆ. ನೀನು ಓದಿದ್ದೆಲ್ಲ ಅಳಿಸಿಹೋಗುತ್ತೆ. ಯೋಚಿಸಿ ಒಪ್ಪಿಕೋ."

ಅವಳು ಯೋಚಿಸದೇ ಒಪ್ಪಿಕೊಂಡಿದ್ದಳು.

ಯಾಕೆಂದರೆ ಮನೆಯಲ್ಲಿ ಅಪ್ಪ ಇದ್ದರು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಕಣ್ಣು ಪೂರ್ತಿ ಹೋಗಿ ಆರು ವರ್ಷವಾಗಿತ್ತು. "ಅಕ್ಷರ ನನ್ನನ್ನ ಬಿಟ್ಟುಹೋದವು ಕಣೇ, ನೀನೊಬ್ಬಳು ತಂದುಕೊಡ್ತಿದ್ದೀಯ," ಎನ್ನುತ್ತ ದಿನಾ ಅವಳಿಂದ ಓದಿಸಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಅವಳು ಓದಿದ್ದನ್ನು ಇನ್ನೆಷ್ಟೋ ಮನೆಗಳು ಕೇಳಬೇಕು. ಇದು ಅವಳ ಆಸೆ. ಆಸೆ ಏನು, ಹಟ.

ಎರಡನೆಯ ದಿನ ಅವನು ಕೈಯಲ್ಲೊಂದು ಬೂದು ಬಣ್ಣದ ಹತ್ತಿಯ ಶಾಲು ಹಿಡಿದು ಒಳಗೆ ಬಂದ.

"ನಿಮ್ಮ ಕೋಟು ಮಾತಾಡ್ತಿದೆ," ಎಂದ.

"ಏನಂತೆ?"

"ನೀವು ಉಸಿರೆಳೆದಾಗಲೆಲ್ಲ ಸರಸರ ಅಂತಿದೆ, ಮೈಕಿಗೆ ಕೇಳಿಸ್ತಿದೆ. ಇದನ್ನ ಹೊದ್ಕೊಳ್ಳಿ. ಇದು ಮೂಕ. ಎಸಿ ಚಳಿಗೂ ಆಗುತ್ತೆ."

ಅವಳು ಹೊದ್ದಳು. ಕುತ್ತಿಗೆಯ ಸುತ್ತ ಬೆಚ್ಚಗಾಯಿತು. ಆಮೇಲೆ ಮೂಗಿಗೆ ಹಿಡಿದು ನೋಡಿ, "ಇದರಲ್ಲೂ ಧೂಳಿರಬಹುದು," ಎಂದಳು. ಸುಮ್ಮನೆ ಕೆಣಕುವುದಕ್ಕೆ.

ಅವನು ಗಾಜಿನಾಚೆಗೆ ಮರಳಿದ. ಮರುದಿನ ಶಾಲು ಸೋಪಿನ ವಾಸನೆ, ಬಿಸಿಲಿನ ವಾಸನೆ ಸೂಸುತ್ತಿತ್ತು. ಅದರ ಮರುದಿನವೂ ಹಾಗೇ. ಅವಳು ಅದನ್ನು ಗಮನಿಸಿದಳು, ಆದರೆ ಕೇಳಲಿಲ್ಲ. ಸ್ಟುಡಿಯೊಗೆ ಬಟ್ಟೆ ಒಗೆಯುವವರು ಯಾರೋ ಬರುತ್ತಾರೇನೋ ಅಂದುಕೊಂಡಳು.

ಸೀನು ಮಾತ್ರ ಕಡಿಮೆಯಾಗಲಿಲ್ಲ, ಹೆಚ್ಚಿತು. ಕಣ್ಣು ಕೆಂಪಾಗಿ ನೀರು ಸುರಿಸತೊಡಗಿತು. ಅಂಗುಳಿನಲ್ಲಿ ಎಂಥದೋ ತುರಿಕೆ, ನಾಲಿಗೆಗೂ ಎಟುಕದ ಜಾಗದಲ್ಲಿ. ಮೂಗು ಕಟ್ಟಿದಾಗ 'ಅಮ್ಮ' ಹೋಗಿ 'ಅಬ್ಬ' ಆಗುತ್ತಿತ್ತು.

"ಕಾದಂಬರಿಯಲ್ಲಿ ತಾಯಿ ಸತ್ತಿದ್ದಾಳೆ, ಮಗ ಅಳ್ತಿದ್ದಾನೆ," ಎಂದ ಅವನು ಗಾಜಿನಾಚೆಯಿಂದ. "ನೀವು ಓದಿದ್ರೆ ಅವನಿಗೆ ಆಶ್ಚರ್ಯ ಆದ ಹಾಗಿದೆ."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಮೂರು ಸೀನು.

ಆದರೆ ಅವನು ಕೇಳಿಸಿಕೊಳ್ಳುವ ರೀತಿ...! ಅದೊಂದು ಅವಳಿಗೆ ಹೊಸದು.

"ಎಂಬತ್ತಮೂರನೇ ಪುಟ, ಕೆಳಗಿಂದ ಎರಡನೇ ಸಾಲು. ಓದ್ತಾ ನಕ್ಕಿರಿ."

"ಇಲ್ಲ. ನಗಲಿಲ್ಲ."

"ತುಟಿಯಲ್ಲಿ ನಕ್ಕಿರಿ. ಕೇಳಿಸಿತು. ಚೆನ್ನಾಗಿದೆ, ಹಾಗೇ ಇಟ್ಕೊಳ್ತೀನಿ."

ತುಟಿಯ ನಗು ಕೇಳಿಸುವ ಮನುಷ್ಯ! 'ಇವನ ಹತ್ತಿರ ಏನನ್ನೂ ಮುಚ್ಚಿಡೋಕಾಗಲ್ಲ,' ಎಂದುಕೊಂಡಳು. ಹೆದರಿಕೆ ಆಗಬೇಕಿತ್ತು. ಆಗಿದ್ದು ಸಮಾಧಾನ.

ಏಳನೇ ದಿನಕ್ಕೆ ಅವಳು ಔಷಧದ ಅಂಗಡಿಯಲ್ಲಿ ಕೇಳಿ ಒಂದು ಮಾತ್ರೆ ಕೊಂಡಳು. ಬೆಳಿಗ್ಗೆ ಒಂದು, ಊಟಕ್ಕೆ ಮೊದಲು ಒಂದು. ಸೀನು ತುಸು ತಗ್ಗಿತು. ಜೊತೆಗೆ ಕಣ್ಣೂ ಎಳೆಯತೊಡಗಿತು. ಬಾಯಿ ಒಣಗಿತು. ಇನ್ನೂರನೇ ಪುಟದಲ್ಲಿ ನಾಯಕಿ ರೈಲಿನ ಹಿಂದೆ ಓಡುತ್ತಿದ್ದರೆ, ಅವಳ ದನಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒರಗಿ ಕುಳಿತಿತ್ತು.

ಮನೆಯಲ್ಲಿ ಪತ್ರಿಕೆ ಓದುತ್ತಿದ್ದಾಗ ಅಪ್ಪ ಕೈ ಎತ್ತಿ ನಿಲ್ಲಿಸಿದರು.

"ನಿನ್ನ ದನಿ ನಿದ್ದೆ ಮಾಡ್ತಿದೆ ಮಗಳೇ."

"ಮಾತ್ರೆ ತಗೊಂಡೆ ಅಪ್ಪ. ಆ ಸ್ಟುಡಿಯೊ ಧೂಳಿಗೆ."

"ಧೂಳು ನಮ್ಮನೇಲೂ ಇದೆ. ಕಪಾಟಿನ ಮೇಲೆ ಬೆರಳಾಡಿಸಿದ್ರೆ ನನಗೆ ಗೊತ್ತಾಗುತ್ತೆ. ಭಾನುವಾರ ನೀನು ಯಾಕೆ ಇಷ್ಟು ಸೀನಲ್ಲ?"

ಅವಳು ಪತ್ರಿಕೆಯ ಪುಟ ಮಗುಚಿದಳು.

ಹನ್ನೆರಡನೇ ದಿನ ಅವಳು ಸ್ವಲ್ಪ ಬೇಗ ಬಂದಳು. ಗಾಜಿನಾಚೆಯ ಅವನ ಕೋಣೆಯ ಬಾಗಿಲು ಅರೆತೆರೆದಿತ್ತು. ಒಳಗಿನಿಂದ ಒಂದು ಸದ್ದು... ಪರಿಚಿತ ಸದ್ದು. ಒಂದರ ಹಿಂದೆ ಒಂದು, ಸ್ಪೀಕರಿನಲ್ಲಿ, ನಿಲ್ಲದೆ.

ಅವಳದೇ ಸೀನುಗಳು.

ಚಿಕ್ಕದು, ದೊಡ್ಡದು, ಅರ್ಧಕ್ಕೆ ನುಂಗಿದ್ದು, "ಕ್ಷಮಿಸಿ" ಎಂದು ಮುಗಿದದ್ದು. ಎಲ್ಲವನ್ನೂ ಹೆಕ್ಕಿ ಸಾಲಾಗಿ ಜೋಡಿಸಿ ಯಾರೋ ಹಾರ ಮಾಡಿದ ಹಾಗಿತ್ತು. ದೊಡ್ಡಕ್ಕ ನಗು ತಡೆಯಲಾಗದೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಮೇಲೆ ಅವನ ದನಿ: "ದನಿ ಹೀಗಿದ್ರೆ ಬೇಡ ದೊಡ್ಡಕ್ಕ. ನಿಲ್ಲಿಸಿಬಿಡೋಣ."

ಅವಳ ಕಾಲು ಅಲ್ಲೇ ನೆಟ್ಟುಹೋಯಿತು. ತುಟಿಯ ನಗು ಕೇಳಿಸಿದವನು... ಇಷ್ಟು ದಿನ ಹೀಗೆ ಕೇಳಿಸಿಕೊಳ್ಳುತ್ತಿದ್ದನೇ?

ಅವಳು ಅಳುತ್ತ ಓಡಿಹೋಗುವ ಜಾತಿಯವಳಲ್ಲ. ಬಾಗಿಲು ಪೂರ್ತಿ ತಳ್ಳಿ ಒಳಗೆ ನಿಂತಳು.

"ಟಿಕೆಟ್ ಇಟ್ಟಿದ್ದೀರೋ, ಫ್ರೀ ಶೋನೋ?"

ಅವನು ಎದ್ದು ನಿಂತ. "ಅದಲ್ಲ, ಕೇಳಿ ಒಂದ್ನಿಮಿಷ..."

"ಹನ್ನೆರಡು ದಿನದಿಂದ ನೀವೇ ಕೇಳ್ತಿದ್ದೀರಲ್ಲ. ಸಾಕು ಬಿಡಿ." ದೊಡ್ಡಕ್ಕನ ಕಡೆ ತಿರುಗಿದಳು. "ಇನ್ನೂ ಎಂಟು ದಿನ ಇದೆ ದೊಡ್ಡಕ್ಕ. ಅಲ್ಲಿವರೆಗೂ ಆ ಪುಸ್ತಕ ನನ್ನದು. ದನಿ ಸರಿ ಮಾಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಅಳಿಸಿದ್ರೆ ಜಗಳಕ್ಕೂ ಬರ್ತೀನಿ."

ಮೆಟ್ಟಿಲಿಳಿಯುವಾಗ ಕಣ್ಣು ತುಂಬಿ ಬಂತು. 'ಇದು ಸೀನಿನ ನೀರು,' ಎಂದು ಅವಳು ತನಗೇ ಹೇಳಿಕೊಂಡಳು. ಒಂದೂ ಸೀನು ಬಂದಿರಲಿಲ್ಲ.

ಅಲ್ಲಿಂದ ನೇರ ಹೋದದ್ದು ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮನ ಬಳಿಗೆ. ಅವರು ಪುಟ್ಟ ದೀಪದಲ್ಲಿ ಮೂಗಿನೊಳಗೆ ಇಣುಕಿ, ಎರಡು ಹೊಳ್ಳೆಯನ್ನೂ ನೋಡಿ, ಕುರ್ಚಿಗೆ ಒರಗಿದರು.

"ಮನೆ ಧೂಳಲ್ಲ ಅನ್ಸುತ್ತೆ. ಪ್ರತಿ ವರ್ಷ ಇದೇ ಕಾಲದಲ್ಲಿ ಬರುತ್ತಾ?"

"ಬರುತ್ತೆ. ಇಷ್ಟು ಜೋರಾಗಿ ಯಾವತ್ತೂ ಬಂದಿಲ್ಲ."

"ಹಾಗಾದ್ರೆ ಇದು ಪರಾಗ. ಹೂವಿನ ಪುಡಿ."

"ನಾನಿರೋ ಕಡೆ ಹೂವೇ ಇಲ್ಲವಲ್ಲ ಡಾಕ್ಟ್ರೇ."

"ಕಣ್ಣಿಗೆ ಚಂದ ಕಾಣೋ ಹೂವು ಪಾಪ, ಅಷ್ಟು ತೊಂದರೆ ಕೊಡಲ್ಲ. ಅದರ ಪುಡಿ ಭಾರ, ಜೇನುಹುಳು ಹೊತ್ಕೊಂಡು ಹೋಗ್ಬೇಕು. ಹೂ ಬಿಟ್ಟಿದೆ ಅಂತಾನೇ ಗೊತ್ತಾಗದ ಮರ, ಹುಲ್ಲು ಇರುತ್ತಲ್ಲ, ಅವುಗಳ ಪುಡಿ ಗಾಳಿಯಲ್ಲೇ ಹೋಗುತ್ತೆ."

ನಿದ್ದೆ ಬರಿಸುವ ಮಾತ್ರೆ ನಿಲ್ಲಿಸಿದರು. ತೂಕಡಿಕೆ ತರದ ಬೇರೆ ಮಾತ್ರೆ ಬರೆದರು. ಮೂಗಿನ ಸ್ಪ್ರೇ ಕೊಟ್ಟು, ತಲೆ ತುಸು ಮುಂದಕ್ಕೆ ಬಾಗಿಸಿ, ಮೂಗಿನ ನಡುಗೋಡೆಗೆ ತಾಗದ ಹಾಗೆ ಹೊರಗಡೆಗೆ ತಿರುಗಿಸಿ ಹೊಡೆಯುವುದು ಹೇಗೆಂದು ತೋರಿಸಿದರು. ಕುದಿಸಿ ಆರಿಸಿದ ನೀರಿಗೆ ಉಪ್ಪಿನ ಪುಡಿಯ ಪೊಟ್ಟಣ ಬೆರೆಸಿ ಮೂಗು ತೊಳೆಯಬೇಕು. ಹೊರಗಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಬೇಕು, ತಲೆ ತೊಳೆಯಬೇಕು.

"ಸ್ಪ್ರೇ ದಿನಾ ಹಾಕ್ಬೇಕು. ಎರಡು ದಿನ ಹಾಕಿ ಏನೂ ಆಗ್ಲಿಲ್ಲ ಅಂತ ಎಸೀಬೇಡ. ಒಂದು ವಾರ ಸಮಯ ಕೊಡು ಅದಕ್ಕೆ. ಮತ್ತೆ, ಯಾವ ದಿನ, ಎಷ್ಟು ಹೊತ್ತಿಗೆ ಜಾಸ್ತಿ ಸೀನ್ತೀಯ ಅಂತ ಬರೆದಿಟ್ಟಿದ್ದೀಯಾ?"

"ಇಲ್ಲ."

"ಬರೆದಿದ್ರೆ ಅರ್ಧ ಕೆಲಸ ಆಗ್ತಿತ್ತು. ಎಲ್ಲಿಂದ ಬರ್ತಿದೆ ಅಂತ ಗೊತ್ತಾದ್ರೆ ಅದರಿಂದ ದೂರ ಇರಬಹುದು. ಔಷಧ ಒಂದೇ ಎಷ್ಟು ಅಂತ ಹೋರಾಡುತ್ತೆ?"

ಮನೆಗೆ ಬಂದು ಬಾಗಿಲು ತೆಗೆದರೆ... ಅವನು!

ಅಪ್ಪನ ಎದುರು, ಮಡಿಚುವ ಕುರ್ಚಿಯಲ್ಲಿ, ಮೊಣಕಾಲು ಜೋಡಿಸಿ, ಪರೀಕ್ಷೆಗೆ ಬಂದವನ ಹಾಗೆ ಕುಳಿತಿದ್ದ. ದೊಡ್ಡಕ್ಕನಿಂದ ವಿಳಾಸ ಕೇಳಿ ಬಂದಿದ್ದ. ಅಪ್ಪನ ತಲೆಯ ಮೇಲೆ ಅವನ ಹೆಡ್‌ಫೋನ್. ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು.

"ಇದು, ಇದು ನೋಡು ನಮ್ಮಮ್ಮನದೇ ಸೀನು," ಎನ್ನುತ್ತಿದ್ದರು. "ಥೇಟ್ ಹಾಗೇ. ಕೊನೇಲಿ ಒಂದು ಎಳೆತ."

"ಇಲ್ಲೂ ಶೋ ಶುರುವಾಯ್ತಾ?" ಎಂದಳು ಅವಳು.

ಅವನು ದಡಬಡಿಸಿ ಎದ್ದ. ಕೈಯಲ್ಲಿ ನಾಲ್ಕು ಹಾಳೆ. ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ತಗೋ ಮಗಳೇ," ಎಂದರು ಅಪ್ಪ. "ಕರಡು ತಿದ್ದೋನು ಹೇಳ್ತಿದ್ದೀನಿ, ಹುಡುಗನ ಕೆಲಸದಲ್ಲಿ ತಪ್ಪಿಲ್ಲ."

ಅವಳು ನೋಡಿದಳು. ದಿನ. ಹೊತ್ತು. ಎಷ್ಟನೇ ಪುಟ. ಒಂದೊಂದು ಸೀನಿಗೆ ಒಂದೊಂದು ಸಾಲು. ನೂರಾ ಹದಿನೇಳು ಸಾಲು.

"ನಾನು ಕತ್ತರಿಸಿದ್ದನ್ನ ಎಸೆಯಲ್ಲ," ಎಂದ ಅವನು. ಅವನ ದನಿ ನಡುಗುತ್ತಿತ್ತು. "ಕೆಮ್ಮು, ತಪ್ಪಿದ ಪದ, ಎಲ್ಲ ಒಂದು ಕಡೆ ಇಡ್ತೀನಿ, ಹೊತ್ತಿನ ಸಮೇತ. ಅಭ್ಯಾಸ. ನೀವು ಮಾತ್ರೆ ತಗೊಂಡು ತೂಕಡಿಸೋದು ನೋಡಿ... ಇದರಲ್ಲಿ ಏನಾದ್ರೂ ಗೊತ್ತಾಗುತ್ತಾ ಅಂತ ಜೋಡಿಸ್ದೆ. ದೊಡ್ಡಕ್ಕಂಗೆ ಕೇಳಿಸಿ, ನಾಲ್ಕು ದಿನ ನಿಲ್ಲಿಸಿಬಿಡೋಣ, ಅವರು ಡಾಕ್ಟರಿಗೆ ತೋರಿಸ್ಕೊಂಡು ಬರ್ಲಿ, ಬೇರೆ ದನಿ ಬೇಡ, ಕೊನೇ ದಿನಗಳಲ್ಲಿ ನಾನು ಜೊತೆಜೊತೆಗೇ ಕತ್ತರಿಸಿ ಮುಗಿಸ್ತೀನಿ ಅಂತ... ನೀವು ಅರ್ಧ ಕೇಳಿದ್ರಿ."

ಅರ್ಧ. ಹೌದು, ಅವಳು ಅರ್ಧವೇ ಕೇಳಿದ್ದಳು.

"ಅವರು ನಗ್ತಿದ್ರು," ಎಂದಳು ಮೆಲ್ಲಗೆ.

"ನಿಮ್ಮ ಸೀನು ಕೇಳಿ ನಗದೇ ಇರೋದು ಕಷ್ಟ. ನಿಮ್ಮಪ್ಪನೇ ಸಾಕ್ಷಿ."

ಅಪ್ಪ ತಲೆಯಾಡಿಸಿದರು.

ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು. ಅದನ್ನು ಮರೆಸಲು ಹಾಳೆಯ ಮೇಲೆ ಬಗ್ಗಿದಳು. "ಇದು ಧೂಳಲ್ಲ, ಗಾಳಿಯಲ್ಲಿ ಬರೋ ಮರದ ಹೂವಿನ ಪುಡಿ ಅಂದ್ರು ಡಾಕ್ಟರಮ್ಮ. ಏನು ಗೊತ್ತಾಯ್ತು ಇದರಲ್ಲಿ?"

"ಬಂದ ಮೊದಲ ಗಂಟೇಲಿ ಜಾಸ್ತಿ. ಐದನೇ ದಿನ, ಎಂಟನೇ ದಿನ ಮಳೆ ಬಂದಿತ್ತು, ಒಂದೋ ಎರಡೋ ಅಷ್ಟೇ. ಆದ್ರೆ ಹತ್ತನೇ ದಿನದ್ದು ಅರ್ಥ ಆಗ್ತಿಲ್ಲ ನನಗೆ. ಬಿಸಿಲು ಕಾದಿತ್ತು. ಆದ್ರೂ ಇಡೀ ದಿನಕ್ಕೆ ಒಂದೇ ಸೀನು."

"ಮಾತ್ರೆಯಿಂದ ಇರಬಹುದು."

"ಒಂಬತ್ತನೇ ದಿನಾನೂ ಮಾತ್ರೆ ತಗೊಂಡಿದ್ರಿ. ಅವತ್ತು ಹನ್ನೊಂದು."

ಅವಳು ಯೋಚಿಸಿದಳು. ಹತ್ತನೇ ದಿನ... ಅವತ್ತು ಶಾಲು ಕುತ್ತಿಗೆಗೆ ತಣ್ಣಗೆ ತಾಗಿತ್ತು. ತುಸು ಹಸಿ ಹಸಿ. ಬಿಸಿಲಿನ ವಾಸನೆ ಇರಲಿಲ್ಲ.

"ಆ ಶಾಲನ್ನ ಯಾರು ಒಗೀತಾರೆ?"

ಅವನು ನೆಲ ನೋಡಿದ. "ನಾನೇ."

"ದಿನಾ?"

"ಧೂಳಿದೆ ಅಂದ್ರಲ್ಲ."

ಅಪ್ಪ ಕೆಮ್ಮಿದರು. ಅದು ಕೆಮ್ಮಿನಂಥ ಕೆಮ್ಮಲ್ಲ.

"ಎಲ್ಲಿ ಒಣಗಿಸ್ತೀರಾ?"

"ಟೆರೇಸ್ ಮೇಲೆ. ಬೆಳಿಗ್ಗೆ ಆರಕ್ಕೆ ಬಂದು ಹಗ್ಗಕ್ಕೆ ಹಾಕ್ತೀನಿ, ನೀವು ಬರೋ ಹೊತ್ತಿಗೆ ತರ್ತೀನಿ. ಮಳೆ ಬಂದ ದಿನ ಒಳಗೆ ಫ್ಯಾನ್ ಕೆಳಗೆ. ಹತ್ತನೇ ದಿನ ಟೆರೇಸ್ ಬಾಗಿಲಿನ ಕೀಲಿ ಸಿಗಲಿಲ್ಲ, ಹಾಗಾಗಿ ಅವತ್ತೂ ಒಳಗೇ..."

ಮಾತು ಅಲ್ಲಿಗೇ ನಿಂತಿತು. ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಟೆರೇಸಿಗೆ ಆತುಕೊಂಡು ನಿಂತ ಮೂರು ಎತ್ತರದ ಮರಗಳು. ಹೂ ಬಿಟ್ಟಿದೆಯೆಂದೇ ಗೊತ್ತಾಗದ ಮರಗಳು. ಅವುಗಳ ಕೆಳಗೆ ನಿಲ್ಲಿಸಿದ ಕಾರುಗಳ ಗಾಜಿನ ಮೇಲೆ ದಿನಾ ಬೆಳಿಗ್ಗೆ ಕೂತಿರುತ್ತಿದ್ದ ಹಳದಿ ಪುಡಿ.

ಹಸಿ ಶಾಲು ಬೆಳಗಿನ ಗಾಳಿಗೆ ಮೈಯೊಡ್ಡಿ ಆ ಪುಡಿಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಅದನ್ನು ಮಡಿಸಿ ತಂದು ಅವನೇ ಅವಳ ಕುರ್ಚಿಯ ಮೇಲೆ ಇಡುತ್ತಿದ್ದ. ಅವಳು ಅದನ್ನೇ ಕುತ್ತಿಗೆಗೆ, ಮೂಗಿನ ಹತ್ತಿರ, ಸುತ್ತಿಕೊಳ್ಳುತ್ತಿದ್ದಳು. ಅವಳು ಸೀನಿದಷ್ಟೂ ಅವನು ಇನ್ನಷ್ಟು ಉಜ್ಜಿ ಒಗೆಯುತ್ತಿದ್ದ. ಅವನು ಒಗೆದಷ್ಟೂ ಅವಳು ಇನ್ನಷ್ಟು ಸೀನುತ್ತಿದ್ದಳು.

"ನಾನೇನಾ..." ಅವನ ಮುಖ ಬಿಳಿಚಿತು. "ನಿಮ್ಮ ಮೊದಲ ಪುಸ್ತಕ... ನಾನೇ..."

ಅವಳು ನಕ್ಕುಬಿಟ್ಟಳು. ತುಟಿಯಲ್ಲಲ್ಲ, ಹೊಟ್ಟೆಯಿಂದ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಈ ಸಲ ಅದಕ್ಕೆ ಬೇರೆ ಹೆಸರು ಹೇಳುವ ಅಗತ್ಯವಿರಲಿಲ್ಲ. ಬೆಳಿಗ್ಗೆ ಆರಕ್ಕೇ ಬಂದು, ಅವಳಿಗಾಗಿ ಒಂದು ಶಾಲು ಹಗ್ಗಕ್ಕೆ ಹಾಕುವ ಮನುಷ್ಯ. ಒಂದು ದಿನವೂ ಹೇಳಿಕೊಳ್ಳದವನು.

"ಡಾಕ್ಟರಮ್ಮ ಈ ಲಿಸ್ಟ್ ಕೇಳಿದ್ರು," ಎಂದಳು ಹಾಳೆ ಮಡಿಸುತ್ತ. "ಬರೆದಿಟ್ಟಿದ್ರೆ ಅರ್ಧ ಕೆಲಸ ಆಗ್ತಿತ್ತು ಅಂದ್ರು. ಮಾಡಿದ್ದೀರಿ."

"ಮಿಕ್ಕ ಅರ್ಧ?"

"ಅದು ನನ್ನ ಮೂಗಿನ ಜವಾಬ್ದಾರಿ. ನಾಲ್ಕು ದಿನ ಕೊಡಿ."

ಅವನು ಹೋದ ಮೇಲೆ ಅಪ್ಪ ಕೇಳಿದರು, "ನೋಡೋಕೆ ಹೇಗಿದ್ದಾನೆ?"

"ಗೊತ್ತಿಲ್ಲ ಅಪ್ಪ. ಸುಮಾರಾಗಿದ್ದಾರೆ."

"ದನಿ ಕೇಳಿದ್ರೆ ಗೊತ್ತಾಗುತ್ತೆ ಬಿಡು. ನಿನ್ನದೂ ಸೇರಿಸಿ ಹೇಳ್ತಿದ್ದೀನಿ."

ನಾಲ್ಕು ದಿನ ಅವಳು ತಪ್ಪದೆ ಮೂಗು ತೊಳೆದಳು, ಸ್ಪ್ರೇ ಹಾಕಿದಳು, ಬೆಳಿಗ್ಗೆ ಕಿಟಕಿ ಮುಚ್ಚಿಟ್ಟಳು. ಎರಡನೇ ದಿನ ಏನೂ ಆಗಲಿಲ್ಲ, ಎಸೆಯಲಿಲ್ಲ. ಮೂರನೇ ದಿನ ಅಂಗುಳಿನ ತುರಿಕೆ ಹೋಯಿತು. ನಾಲ್ಕನೇ ದಿನ ಬೆಳಿಗ್ಗೆ ಎದ್ದು, ಎಷ್ಟೋ ದಿನದ ಮೇಲೆ ಎರಡು ಹೊಳ್ಳೆಯಿಂದಲೂ ಉಸಿರೆಳೆದಳು. ಗಾಳಿ ತಡೆಯಿಲ್ಲದೆ ಒಳಗೆ ಹೋಯಿತು. ಹಾಸಿಗೆಯಲ್ಲೇ ಕುಳಿತು "ಅಮ್ಮ, ಅಮ್ಮ, ಅಮ್ಮ," ಎಂದು ಹೇಳಿ ನೋಡಿದಳು. ಮೂರೂ ಸಲ ಅಮ್ಮನೇ.

ಸ್ಟುಡಿಯೊದಲ್ಲಿ ಬೂದು ಶಾಲು ಫ್ಯಾನಿನ ಕೆಳಗೆ ಒಣಗಿ, ಮುಚ್ಚಳದ ಡಬ್ಬಿಯೊಳಗೆ ಕಾಯುತ್ತಿತ್ತು. ಡಬ್ಬಿಯ ಮೇಲೆ ಕಾಗದ ಅಂಟಿಸಿತ್ತು: 'ಹೊರಗೆ ತೆಗೆದವರ ಕಿವಿ ಹಿಂಡಲಾಗುವುದು. ದೊಡ್ಡಕ್ಕ.'

ಅವಳು ಓದಿದಳು. ನಾಯಕಿ ಓಡಿದ ರೈಲಿನ ಪುಟವನ್ನು ಮತ್ತೆ ಓದಿದಳು, ಈ ಸಲ ರೈಲು ಸಿಕ್ಕಿತು. ಅವನು ಆ ದಿನದ್ದನ್ನು ಆ ದಿನವೇ ಕತ್ತರಿಸಿ ಜೋಡಿಸಿದ. ನಡುವೆ ಒಂದೆರಡು ಸೀನು ಬಂದವು. ಅವಳು ಮೊದಲೇ ಕೈ ಎತ್ತಿದಳು, ಅವನು ಹೆಡ್‌ಫೋನ್ ಸರಿಸಿದ. ಇಪ್ಪತ್ತನೆಯ ದಿನ ಮಧ್ಯಾಹ್ನ, ಆರುನೂರನೇ ಪುಟದ ಕೊನೆಯ ಸಾಲು ಮುಗಿಯಿತು.

ಗಾಜಿನಾಚೆ ಅವನು ಕೊನೆಯ ಪುಟವನ್ನೇ ನೋಡುತ್ತ ಕುಳಿತ.

"ಚೆನ್ನಾಗಿಲ್ವಾ?" ಎಂದಳು.

ಅವನು ಗುಂಡಿ ಒತ್ತಿದ. "ಚೆನ್ನಾಗಿದೆ. ಮುಗೀತಲ್ಲ ಅಂತ ಯೋಚಿಸ್ತಿದ್ದೆ."

ಅವಳು ಎದ್ದಳು. ಬಾಗಿಲು ತೆಗೆದು ಗಾಜಿನ ಆಚೆಗೆ ಹೋದಳು.

"ಏಳಿ."

"ಯಾಕೆ?"

"ಇಪ್ಪತ್ತು ದಿನ ನೀವು ಕೇಳಿದ್ರಿ. ಈಗ ನಾನು ಕೇಳ್ತೀನಿ. ಹೋಗಿ ಅಲ್ಲಿ ಕೂತ್ಕೊಳ್ಳಿ."

ಅವನು ಹೋಗಿ ಮೈಕಿನ ಮುಂದೆ ಕುಳಿತ. ಅವಳು ಅವನ ಕುರ್ಚಿಯಲ್ಲಿ ಕುಳಿತು ಅವನ ಹೆಡ್‌ಫೋನ್ ಹಾಕಿಕೊಂಡಳು. ಅವನ ಉಸಿರು ಕೇಳಿಸಿತು. ಅವನು ಎಂಜಲು ನುಂಗಿದ್ದು ಕೇಳಿಸಿತು. ಇಷ್ಟೆಲ್ಲ ಕೇಳಿಸುತ್ತಿತ್ತೇ ಇವನಿಗೆ? ಅವಳ ಕೆನ್ನೆ ಬಿಸಿಯಾಯಿತು. ಆದರೂ ಕೆಂಪು ಗುಂಡಿ ಒತ್ತಿದಳು.

"ನನ್ನ ಮುಂದೆ ಪುಟ ಇಲ್ಲ," ಎಂದ ಅವನು.

"ಇಲ್ಲದಿದ್ರೂ ಓದಿ."

ಅವನು ಬಾಯಿ ತೆರೆದ. ಮೂಗು ಹಿಗ್ಗಿತು. ಅವಳಿಗೆ ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಒಂದು ಭಾರಿ ಸೀನು ಅವಳ ಎರಡೂ ಕಿವಿಯಲ್ಲಿ ಸಿಡಿಯಿತು.

ಅವಳು ಹೆಡ್‌ಫೋನ್ ಕಿತ್ತು ಕಿವಿ ಮುಚ್ಚಿಕೊಂಡಳು. ಗಾಜಿನ ಎರಡೂ ಕಡೆ ನಗುವೋ ನಗು. ನಗು ನಿಂತ ಮೇಲೆ ಅವಳು ಮತ್ತೆ ಹೆಡ್‌ಫೋನ್ ಹಾಕಿಕೊಂಡು ಮಾತಿನ ಗುಂಡಿ ಒತ್ತಿದಳು.

"ನಿಮಗೂನಾ?"

"ಇಲ್ಲ. ಹೆದರಿಕೆಗೆ ಬಂತು." ಅವನು ಮೈಕಿಗೆ ಇನ್ನಷ್ಟು ಹತ್ತಿರ ಬಂದ. ದನಿ ಈಗ ನಡುಗುತ್ತಿರಲಿಲ್ಲ. "ಕೇಳಿ. ನೀವಿಲ್ಲದ ನಾಲ್ಕು ದಿನ ಈ ರೂಮು ತುಂಬಾ ಸದ್ದಿಲ್ಲದೆ ಇತ್ತು. ಇಷ್ಟು ವರ್ಷ ನಾನು ಅದನ್ನೇ ಹುಡುಕ್ತಿದ್ದೆ. ಸಿಕ್ಕಾಗ ಬೇಡ ಅನ್ನಿಸ್ತು. ನೀವು ನನ್ನ ಜೊತೆ ಇರಬೇಕು. ಸೀನು ಸಮೇತ."

ಅವಳು ಕಣ್ಣು ಮುಚ್ಚಿ ಕೇಳಿದಳು. ಒಂದು ಉಸಿರನ್ನೂ ಬಿಡದೆ ಕೇಳಿದಳು.

"ನಮಗೊಂದು ಅನುಕೂಲ ಇದೆ," ಎಂದಳು ಆಮೇಲೆ. "ಕಿವಿ ನಿಮ್ಮದು. ಮೂಗು, ಗಂಟಲು ನನ್ನದು. ಇಬ್ಬರಿಗೂ ಒಬ್ಬರೇ ಡಾಕ್ಟರಮ್ಮ ಸಾಕು."

"ಅಂದ್ರೆ... ಹೂಂ ಅಂತಾನಾ?"

"ತುಟಿಯ ನಗು ಕೇಳಿಸುತ್ತೆ ಅಂತೀರಿ. ಇದು ಕೇಳಿಸಲ್ವಾ?"

ಗಾಜಿನಾಚೆ ಅವನ ಮುಖ ಅರಳುವುದನ್ನು ಅವಳು ನೋಡಿದಳು. ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಇದನ್ನ ಕತ್ತರಿಸ್ಬೇಡಿ," ಎಂದ ಅವನು.

"ಕತ್ತರಿಸಿದ್ರೂ ಎಸೆಯಲ್ಲ," ಎಂದಳು ಅವಳು. "ಇನ್ನೊಂದು ಸಲ ಹೇಳಿ. ಈ ಸಲ ಸೀನದೆ."